ಬೆಚ್ಚಗಾಗದ ಬ್ಯಾಟರಿ

ವಿಲ್ಯುಯ್ ನದಿ, ಮೇಲ್ದಂಡೆ
ಜನವರಿ 24

ಮಗಳು ತುಯಾರಾಳಿಗೆ ಅಮ್ಮ ಅಗಾಫ್ಯಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ಹಸುವೂ ಚೆನ್ನಾಗಿದ್ದೇವೆ. ಯಾಕುತ್ಸ್ಕಿನಲ್ಲಿ ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಚಳಿಗೆ ಪೆನ್ನು ಓಡಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಫೋನಿನಲ್ಲೇ ಬೈಯೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಚಾಳಿ ಇಲ್ಲ.

ನಮ್ಮೂರ ಡ್ರೈವರ್ ಗವ್ರಿಲನ ವ್ಯಾನಿಗೆಂದು ನೀನು ಬಸ್ಸಿನಲ್ಲಿ ಕಳಿಸಿದ ಹೀಟರ್ ತಲುಪಿತು. ಇಂಜಿನ್ನಿಗೂ ಬ್ಯಾಟರಿಗೂ ಒಟ್ಟಿಗೇ ಶಾಖ ಕೊಡುತ್ತದೆ. ಸಂಜೆ ಕರೆಂಟಿಗೆ ಸಿಕ್ಕಿಸಿದರೆ ಬೆಳಿಗ್ಗೆ ಒಂದೇ ಸಲಕ್ಕೆ ವ್ಯಾನು ಹೊರಡುತ್ತದೆ. ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಇಷ್ಟು ಒಳ್ಳೆಯ ಮಗಳನ್ನು ಹೆತ್ತಿದ್ದಕ್ಕೆ ನನ್ನನ್ನೂ ಹೊಗಳಿದರು.

ಪಕ್ಕದ ಮನೆಯ ಫೆಕ್ಲಾ ನಿನಗೆ ಫೋನಿನಲ್ಲಿ ಏನು ಊದಿದಳೋ ನನಗೆ ಗೊತ್ತಿಲ್ಲ. ನಡೆದದ್ದು ಇಷ್ಟು. ರಾತ್ರಿ ವ್ಯಾನಿನಲ್ಲೇ ಬಿಟ್ಟರೆ ಈ ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ, ಬಿಚ್ಚಿ ಒಳಗೆ ಬೆಚ್ಚಗೆ ಇಡಬೇಕು. ಗವ್ರಿಲನ ಹೆಂಡತಿ ತೀರಿಕೊಂಡ ಮೇಲೆ ಅವನು ಸೇರಿಕೊಂಡ ಮನೆಗೆ ಊರ ಬಾಯ್ಲರಿನಿಂದ ಬರುವ ಬಿಸಿನೀರಿನ ಕೊಳವೆ ಬಿಟ್ಟರೆ ಬೇರೆ ಶಾಖವಿಲ್ಲ. ಬೆಳಗಾಗುವ ಹೊತ್ತಿಗೆ ಬಕೆಟ್ಟಿನ ನೀರೇ ಗಟ್ಟಿಯಾಗಿರುತ್ತದೆ, ಅಲ್ಲಿ ಬ್ಯಾಟರಿ ಇಟ್ಟು ಏನು ಪ್ರಯೋಜನ? ನನ್ನದು ದೊಡ್ಡ ಒಲೆ, ನಿನ್ನ ಅಪ್ಪ ಬದುಕಿದ್ದಾಗ ಕಟ್ಟಿದ್ದು. ಒಲೆಯ ಪಕ್ಕ ಇಟ್ಟುಕೋ ಎಂದು ನಾನೇ ಹೇಳಿದೆ. ಅಂದಿನಿಂದ ದಿನಾ ಸಂಜೆ ಬ್ಯಾಟರಿಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬರುತ್ತಿದ್ದ, ಬೆಳಿಗ್ಗೆ ಬಂದು ಒಯ್ಯುತ್ತಿದ್ದ. ಇಂಜಿನ್ನಿಗೆ ಹೊದಿಸಲು ನಾನು ಹಳೆಯ ರಜಾಯಿ ಕೊಟ್ಟದ್ದೂ ನಿಜ. ಅದನ್ನು ನೋಡಿ ಫೆಕ್ಲಾ, "ಇವತ್ತು ಇಂಜಿನ್ನಿಗೆ ಹೊದಿಸಿದ್ದಾಳೆ, ನಾಳೆ ಡ್ರೈವರಿಗೂ ಹೊದಿಸ್ತಾಳೆ" ಅಂತ ಅಂಗಡಿಯಲ್ಲಿ ನಿಂತು ಹೇಳಿದಳಂತೆ. ಅವಳ ಬಾಯಿಗೆ ಮಾತ್ರ ಯಾವ ಚಳಿಯೂ ತಾಗುವುದಿಲ್ಲ ನೋಡು.

ಗವ್ರಿಲ ಬಂದು ಮಾಡುತ್ತಿದ್ದುದಾದರೂ ಏನು? ಟೋಪಿ ತೆಗೆದು ಕೂರುವುದು. ಸಾರಿನಲ್ಲಿ ಮೊದಲ ಚಮಚ ಬೆಂಕಿದೇವರಿಗೆಂದು ಒಲೆಗೆ ಹಾಕಿ, ಉಳಿದದ್ದನ್ನು ತಾನು ಕುಡಿಯುವುದು. ನಾನು ಮಾತಾಡುವುದು, ಅವನು ಹೂಂ ಎನ್ನುವುದು. ಎದ್ದು ಹೊರಡುವ ಮುಂಚೆ ಬ್ಯಾಟರಿ ಮುಟ್ಟಿ ನೋಡಿ "ಇನ್ನೂ ತಣ್ಣಗೈತೆ" ಎಂದು ಮತ್ತೆ ಕೂರುತ್ತಿದ್ದ. ನಾನು ಇನ್ನೊಂದು ಲೋಟ ಹಾಲು ಹಾಕಿದ ಚಹಾ ಕೊಡುತ್ತಿದ್ದೆ. ಒಂದು ದಿನ ಅವನು ಹಾಗೆಂದ ಮೇಲೆ ನಾನೂ ಮುಟ್ಟಿ ನೋಡಿದೆ. ಸುಡುವಷ್ಟು ಬಿಸಿಯಾಗಿತ್ತು. "ಹೌದಪ್ಪ, ಮಂಜುಗಡ್ಡೆ ಆಗಿದೆ" ಎಂದೆ. ಅವನ ಕಿವಿ ಕೆಂಪಗಾಯಿತು. ನನ್ನದೂ ಆಗಿತ್ತೋ ಏನೋ, ಶಾಲು ಹೊದ್ದಿದ್ದೆ, ಯಾರಿಗೂ ಕಾಣಲಿಲ್ಲ.

ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು, ಊರವರ ಮುಂದೆ ನಿನ್ನ ಮುಖ ಎಲ್ಲಿಡಬೇಕು ಎಂದು. ನೀನು ಊರಿಗೆ ಬರುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಆಗ ಮುಖದ ಮೇಲೆ ಸೊಳ್ಳೆ ಪರದೆ ಇಳಿಬಿಟ್ಟುಕೊಂಡೇ ತಿರುಗುತ್ತೀಯ, ನಿನ್ನ ಮುಖ ಯಾರು ನೋಡುತ್ತಾರೆ? ನಾನು ಹೀಗೆ ಉತ್ತರ ಕೊಡುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟಿದ್ದೆ. ಆಮೇಲೆ ಹೀಟರ್ ಬಂತು.

ಹೀಟರ್ ಕೂರಿಸಿದ ದಿನ ಸಂಜೆ ಅವನು ಬರಲಿಲ್ಲ. ಹೊಸ ಸಾಮಾನಿನ ಸಂಭ್ರಮ ಎಂದುಕೊಂಡೆ. ಮರುದಿನವೂ ಬರಲಿಲ್ಲ. ಕುದುರೆ ಮಾಂಸದ ಸಾರು ಇಬ್ಬರಿಗಾಗುವಷ್ಟು ಮಾಡಿದ್ದೆ, ಕೈಗೆ ಅದೇ ಅಳತೆ ಕೂತುಬಿಟ್ಟಿದೆ. ಹಸುವಿನ ಹತ್ತಿರ ಮಾತಾಡಿ ನೋಡಿದೆ. ಅದು ಹೂಂ ಎನ್ನುವುದಿಲ್ಲ.

ನನ್ನ ಮಂಡಿನೋವು ಕಡಿಮೆಯಾಗಿದೆ. ನೀನು ಕೇಳಿದ ತುಪ್ಪಳದ ಬೂಟು ಅರ್ಧ ಹೊಲಿದಾಗಿದೆ. ಅಳಿಯಂದಿರಿಗೆ ಹೇಳು, ಕಾರಿನ ಮುಂಬದಿಗೆ ರಟ್ಟು ಕಟ್ಟದೆ ಊರಾಚೆ ಹೋಗಬಾರದು, ಗಾಳಿ ನೇರ ಇಂಜಿನ್ನಿಗೆ ಹೊಡೆಯುತ್ತದೆ. ನಿಲ್ಲಿಸಿದಲ್ಲಿ ಇಂಜಿನ್ ಆರಿಸಲೂ ಬಾರದು. ನಿಮ್ಮ ಮನೆಯ ಬೆಂಕಿ ಆರದಿರಲಿ, ನಿಮ್ಮ ದಾರಿಯ ಮಂಜು ಬೇಗ ಹರಿಯಲಿ.

ನಿನ್ನ ಅಮ್ಮ,
ಅಗಾಫ್ಯಾ

ಇನ್ನೊಂದು ಮಾತು. ಇದನ್ನು ಬರೆಯಬಾರದೆಂದೇ ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಅಂಗಡಿಯ ಮುಂದೆ ಗವ್ರಿಲ ಸಿಕ್ಕಿದ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ಯಾಕೆ ಈ ಕಡೆ ಬರುತ್ತಿಲ್ಲ ಎಂದು. ಅವನು ಬೂಟಿನ ತುದಿ ನೋಡುತ್ತ ನಿಂತ.

"ಬರೀ ಕೈಲಿ ಹೆಂಗ್ ಬರ್ಲಿ ಅಗಾಫ್ಯಾ? ನೋಡಿದವ್ರು ಏನಂದ್ಕೊಂಡಾರು?"

ಬ್ಯಾಟರಿ ಹಿಡಿದುಕೊಂಡು ಬಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದು ಆ ಪುಣ್ಯಾತ್ಮ ಇಷ್ಟು ದಿನ ನಂಬಿಕೊಂಡಿದ್ದ. ನಗು ಬಂತು, ವ್ಯಾನು ಅತ್ತ ಹೋದ ಮೇಲೆ ಅಳುವೂ ಬಂತು. ಹೊರಡುವಾಗ ನಿನಗೆ ಕೃತಜ್ಞತೆ ತಿಳಿಸಲು ಹೇಳಿದ. ಹೀಟರಿನ ಪೆಟ್ಟಿಗೆಯ ಮೇಲೆ, ಹತ್ತು ಚಳಿಗಾಲ ಏನೂ ಕೆಡುವುದಿಲ್ಲ ಎಂದು ಬರೆದಿದೆಯಂತೆ.

ನನಗೆ ಅಷ್ಟು ಕಾಯಲು ಪುರುಸೊತ್ತಿಲ್ಲ, ಮಗಳೇ.