ಕೂಕೂ ಎಂದು ಕೆತ್ತಿದ ಕೋವಿ

ಮೇ 6, ಬೆಳಿಗ್ಗೆ

ಓಟ್ಸ್ ಗಂಜಿ. ಟೀ. ಆನ್‌ಲೈನ್ ಹರಾಜಿನ ಪುಟಗಳು. ನದಿಯ ಮೇಲೆ ಮಂಜು, ಸೇತುವೆ ಅರ್ಧ ಮಾತ್ರ ಕಾಣುತ್ತಿದೆ.

ಇವತ್ತಿನ ಸುಳ್ಳುಗಳು — 'ರಾಣಿ ವಿಕ್ಟೋರಿಯಾ ಕಾಲದ ಸೈನ್ಯದ ರೈಫಲ್.' ಕಿರೀಟದ ಕೆಳಗಿನ ಇಂಗ್ಲಿಷ್ ಅಕ್ಷರ ತಿರುಗುಮುರುಗು. ಯಾವುದೋ ಗುಡ್ಡಗಾಡಿನ ಕುಲುಮೆಯಲ್ಲಿ ಓದು ಬಾರದವನು ನೋಡಿಕೊಂಡು ಹೊಡೆದ ಮುದ್ರೆ. ಇನ್ನೊಂದು, 'ಕಡಲ್ಗಳ್ಳನ ಪಿಸ್ತೂಲು.' ಹಿಡಿಯಲ್ಲಿ ನಮ್ಮ ಕಾಲದ ಸ್ಕ್ರೂ. ಎರಡನ್ನೂ ಹಳೆ ಕೋವಿ ಸಂಗ್ರಾಹಕರ ಸಂಘದ ಪುಟದಲ್ಲಿ ಬರೆದು ಹಾಕಿದೆ. ಹಾಕಿದ ಕೂಡಲೇ ಯಾರೋ, 'ನಿನಗೇನಜ್ಜಿ ಹೊಟ್ಟೆಕಿಚ್ಚು' ಅಂತ ಬರೆದರು. ದಿನ ಸರಿಯಾಗಿಯೇ ಶುರುವಾಗಿದೆ.

ಫರ್ಗಸ್ ಇದ್ದಾಗ ಇದು ಗಂಡಹೆಂಡತಿ ಇಬ್ಬರ ಆಟ. ಅವನದು ಕೋವಿಯ ಮರಗೆಲಸ. ನಳಿಗೆ, ಮುದ್ರೆ ನನ್ನ ಪಾಲು. ಅವನು ತೀರಿಹೋದ ಮೇಲೆ ಇದು ಎರಡನೆಯ ಚಳಿಗಾಲ; ಇಲ್ಲಿ ಮೇ ಬಂತೆಂದರೆ ಚಳಿ. ಈಗ ಮರವನ್ನೂ ನಾನೇ ನೋಡಬೇಕು.

ಮೇ 7

ಪಾಮರ್ಸ್ಟನ್‌ನ ಕೋವಿ ವ್ಯಾಪಾರಿ ಹ್ಯಾಲಮ್ ಹರಾಜಿಗೆ ಹೊಸದೊಂದು ಹಾಕಿದ್ದಾನೆ. ಜೋಡು ನಳಿಗೆಯ ಕೇಪಿನ ಕೋವಿ. 'ಮಾವೊರಿ ನಾಯಕ ತೆ ಆಹುರೋವಾನ ಕೈಯಲ್ಲಿದ್ದದ್ದು. 1865ರಲ್ಲಿ ಜೌಗಿನ ಬದಿಯ ಕೋಟೆ ಸರ್ಕಾರದ ಸೈನ್ಯಕ್ಕೆ ಬಿದ್ದ ದಿನ ಅವನ ಹೆಣದ ಪಕ್ಕದಲ್ಲಿ ಸಿಕ್ಕಿದ್ದು. ಹೆಸರು ಮರದ ಮೇಲಿದೆ.'

ಫೋಟೋ ಹಿಗ್ಗಿಸಿ ನೋಡಿದೆ. ನಳಿಗೆಯ ಕೆಳಗೆ ಬೆಲ್ಜಿಯಂನ ಮುದ್ರೆ — ಮೊಟ್ಟೆಯಾಕಾರದ ಗೆರೆಯೊಳಗೆ ಮೂರಕ್ಷರ, ಮೇಲೊಂದು ಕಿರೀಟ. ಆ ಕಿರೀಟ ಸೇರಿದ್ದು 1893ರಲ್ಲಿ. ಸತ್ತವನು ಹುಟ್ಟದ ಕೋವಿ ಹಿಡಿದಿದ್ದನೇನು.

ಹೆಸರಿನ ಕೆತ್ತನೆಯೂ ಹೊಸದು. ಮರ ಸವೆದಿದೆ, ಅಕ್ಷರದ ಅಂಚು ಸವೆದಿಲ್ಲ. ಗೀರುಗಳ ಮೇಲೆ ಹಾದುಹೋಗಿದೆ. ಹೆಸರಿನ ಕೆಳಗೆ ಚಿಕ್ಕದಾಗಿ KUKU. ಅದೇನು ಮಗುವಿನ ಮಾತೋ. ನಕಲು ಮಾಡುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವುದಿಲ್ಲ.

ಒಳ್ಳೆಯ ಕೈ ಮಾತ್ರ. ಎಲ್ಲೋ ನೋಡಿದ ಕೈ... ಸಂಘದ ಪುಟಕ್ಕೆ ಬರೆಯಲು ಕೂತೆ, ಬರೆಯಲಿಲ್ಲ.

ಮೇ 9

ಆಂಟಿ ಪಾರೆಹುಯಾ ಫೋನ್. ನಮ್ಮ ಮಗಳು ಇಸ್ಲಾಳ ಶಾಲೆಯ ಬಸ್ಸು ಓಡಿಸುತ್ತಿದ್ದವರು, ಊರಿಗೆಲ್ಲ ಆಂಟಿ. ಎಂಬತ್ತು ದಾಟಿದೆ, ಧ್ವನಿ ಈಗಲೂ ಬಸ್ಸಿನ ಕೊನೆಯ ಸೀಟಿಗೆ ಕೇಳುವಂತಿದೆ.

"ಮೊಯ್ರಾ, ಕೋವಿ ನೋಡಿದ್ಯಾ?"

"ಯಾವ ಕೋವಿ ಆಂಟಿ?"

"ನಾಟಕ ಮಾಡ್ಬೇಡ. ದಿನಾ ಅದೇ ಪುಟದ ಮುಂದೆ ಕೂತಿರ್ತೀಯ ಅಂತ ಊರಿಗೇ ಗೊತ್ತು. ಅದು ನಮ್ಮ ಮುತ್ತಜ್ಜಂದು, ಮನೆಯಲ್ಲಿ ಎಲ್ಲರಿಗೂ ಅಜ್ಜ. ಹೆಣ ಮನೆಗೆ ಬರಲಿಲ್ಲ, ಎಲ್ಲಿ ಹೂತರೋ ಯಾರೂ ಹೇಳಲಿಲ್ಲ. ಅವನ ಕೈಲಿದ್ದದ್ದಾದ್ರೂ ಬರಲಿ ಅಂತ ನಮ್ಮಮ್ಮ ಕಾದಳು, ಅವಳಮ್ಮ ಕಾದಳು. ನಾಳೆ ನನ್ನ ಕರ್ಕೊಂಡು ಹೋಗು."

ಅಲ್ಲೇ ಹೇಳಬೇಕಿತ್ತು. ಕೈಯಲ್ಲಿ ಹಿಡಿದು ನೋಡಿದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಮೇ 10, ಸಂಜೆ

ಹೋಗಿ ಬಂದೆವು.

ಹ್ಯಾಲಮ್ ಹಸಿರು ಬಟ್ಟೆಯ ಮೇಲೆ ಕೋವಿ ಇಟ್ಟು, "ಮುಟ್ಟಿ ನೋಡಿ ಆಂಟಿ" ಅಂದ.

"ನಿನಗೆ ನಾನು ಆಂಟಿ ಅಲ್ಲ" ಅಂದರು.

ಆಮೇಲೆ ಅವನು ಅಲ್ಲಿಲ್ಲವೇನೋ ಎಂಬಂತೆ ಕೋವಿಯ ಹತ್ತಿರ ಹೋದರು. ಎರಡೂ ಅಂಗೈ ಮರದ ಮೇಲೆ ಇಟ್ಟರು. ಅವರ ಭಾಷೆಯಲ್ಲಿ ಮಾತಾಡಿದರು, ಬಹಳ ಹೊತ್ತು, ಊರಿಂದ ಬಂದವರನ್ನು ವಿಚಾರಿಸಿಕೊಳ್ಳುವ ಹಾಗೆ. ಕಣ್ಣೀರ ಹನಿಗಳು ಮರದ ಮೇಲೆ ಬಿದ್ದವು. ಹ್ಯಾಲಮ್ ಒರೆಸಲು ಬಟ್ಟೆ ತೆಗೆದ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ.

ನನ್ನ ಸರದಿ ಬಂತು. ಹೆಬ್ಬೆರಳನ್ನು ಅಕ್ಷರಗಳ ಮೇಲೆ ಎಳೆದೆ. O ಹತ್ತಿರ ನಿಂತಿತು.

ಫರ್ಗಸ್ ಎಡಗೈಯವನು. O ಮುಗಿಸುವಾಗ ಅವನ ಉಳಿ ಒಂದು ಕೂದಲೆಳೆ ಹೊರಗೆ ಜಾರುತ್ತದೆ. ಯಾವಾಗಲೂ ಅದೇ ಜಾಗದಲ್ಲಿ. ನಮ್ಮ ರೊಟ್ಟಿ ಹಲಗೆಯ ಮೇಲೆ ನನ್ನ ಹೆಸರು ಕೆತ್ತಿದ್ದಾನೆ, ಅಲ್ಲಿಯೂ ಇದೆ. ಮದುವೆಯಾದಾಗಿನಿಂದ ದಿನಾ ಒರೆಸಿದ್ದೇನೆ. ಕಣ್ಣು ತಪ್ಪಬಹುದು, ಹೆಬ್ಬೆರಳು ತಪ್ಪುವುದಿಲ್ಲ.

ಹ್ಯಾಲಮ್ ನನ್ನನ್ನೇ ನೋಡುತ್ತಿದ್ದ. ಯಾರ ಕೈ ಅಂತ ಅವನಿಗೆ ಗೊತ್ತು.

ಹೊರಗೆ ಬಂದು ಆಂಟಿ, ಸತ್ತವರ ಹತ್ತಿರ ಹೋಗಿ ಬಂದಾಗ ಅವರಲ್ಲಿ ಮಾಡುವ ಹಾಗೆ, ನಲ್ಲಿಯಲ್ಲಿ ಕೈ ತೊಳೆದು ನೀರು ಚಿಮುಕಿಸಿಕೊಂಡರು. "ಏನನ್ಸುತ್ತೆ?" ಅಂದರು.

"ಸ್ವಲ್ಪ ತಡೀರಿ ಆಂಟಿ" ಅಂದೆ. ದಾರಿಯುದ್ದಕ್ಕೂ ಅವರು ಹಾಡಿಕೊಳ್ಳುತ್ತಿದ್ದರು.

ಮೇ 15

ನಾಲ್ಕು ದಿನ ಬರೆದಿಲ್ಲ. ಮಾಡಿದ್ದು ಒಂದೇ ಕೆಲಸ — ಹಳೆಯ ಹರಾಜುಗಳನ್ನು ತೆಗೆದು ಮರ ನೋಡುವುದು. ಅವನು ಸಿಗುತ್ತಿದ್ದಾನೆ. ಕ್ರೈಸ್ಟ್‌ಚರ್ಚ್‌ನಲ್ಲಿ ಮಾರಿದ ಒಂದು ಮಸ್ಕೆಟ್. ಮೆಲ್ಬರ್ನ್‌ಗೆ ಹೋದ ಪೊಲೀಸ್ ಪಿಸ್ತೂಲು, ಅದರ ಮೇಲೆ ಯಾರದೋ ಹೆಸರು, ಆ ಹೆಸರಿನಲ್ಲೊಂದು O. ಎಲ್ಲ ಹ್ಯಾಲಮ್‌ನ ಅಂಗಡಿಯಿಂದ.

ಸಿಕ್ಕಾಗಲೆಲ್ಲ ಮೊದಲು ಬರುವುದು ಸಂತೋಷ. ಹಜಾರದಲ್ಲಿ ಅವನ ಹೆಜ್ಜೆ ಕೇಳಿದ ಹಾಗೆ. ಆಮೇಲೆ ಉಳಿದದ್ದು. ಮುಚ್ಚಿ ಏಳುತ್ತೇನೆ, ಟೀ ಇಡುತ್ತೇನೆ, ಮತ್ತೆ ಬಂದು ತೆಗೆಯುತ್ತೇನೆ.

ಅವನ ಕೆಲಸದ ಕೊಟ್ಟಿಗೆಯಿಂದ, ಮರಕ್ಕೆ ಹಚ್ಚುತ್ತಿದ್ದ ಅಗಸೆ ಎಣ್ಣೆಯ ವಾಸನೆ ಬರುತ್ತಿದೆ. ಡಬ್ಬ ಒಣಗಿ ವರ್ಷವಾಯಿತು. ಹೋಗಿ ನೋಡಿದೆ, ಒಣಗಿಯೇ ಇದೆ. ಬಾಗಿಲು ಹಾಕಿ ಬಂದೆ. ವಾಸನೆ ಬಂತು.

ಮಧ್ಯಾಹ್ನ ಹ್ಯಾಲಮ್ ಫೋನ್.

"ಫರ್ಗಸ್ ಒಳ್ಳೆ ಹೆಸರು ಬಿಟ್ಟು ಹೋಗಿದಾನೆ ಮೊಯ್ರಾ. ಅದು ಹಾಗೇ ಇರಲಿ ಬಿಡಿ. ಆ ಮುದುಕಿಗೂ ಖುಷಿ, ನಿಮಗೂ ನೆಮ್ಮದಿ."

"ನಿನಗೆ?"

ನಕ್ಕ. ಭಾನುವಾರ ಹರಾಜು ಮುಗಿಯುತ್ತದೆ. ಆಂಟಿಯ ಮನೆಯವರು ನೆಲದ ಗುಂಡಿಯಲ್ಲಿ ಬೇಯಿಸುವ ಹಾಂಗಿ ಅಡಿಗೆ ಮಾಡಿ ಮಾರುತ್ತಿದ್ದಾರಂತೆ, ಕೋವಿಯ ದುಡ್ಡಿಗಾಗಿ. ಮೊಮ್ಮಕ್ಕಳೆಲ್ಲ ಗುಂಡಿ ತೋಡಿದ್ದಾರೆ.

ಮೇ 16

ಇಸ್ಲಾಗೆ ಹೇಳಿದೆ. ನೆಲ್ಸನ್ ಊರಿನಿಂದ ಫೋನಿನಲ್ಲಿ ಅವಳ ಧ್ವನಿ ತಣ್ಣಗೆ ಬಂತು.

"ಅಪ್ಪ ತಿರುಗಿ ಮಾತಾಡಕ್ಕಾಗಲ್ಲ ಅಂತ ತಾನೇ ಇದೆಲ್ಲ?"

"ಅವನ ಕೈ ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಸುಮ್ನಿರು. ನಕಲು ಅಂತ ಹೇಳು, ಸಾಕು. ಯಾರು ಕೆತ್ತಿದ್ದು ಅಂತ ಯಾಕೆ ಹೇಳ್ಬೇಕು?"

ಸರಿಯಾದ ಪ್ರಶ್ನೆ. ನಳಿಗೆಯ ಮುದ್ರೆ ಒಂದೇ ಸಾಕು, ಕೋವಿ ಸುಳ್ಳೆಂದು ತೋರಿಸಲು. ಅವನ ಹೆಸರು ಬೇಕಿಲ್ಲ. ಆದರೆ ಆಂಟಿ ಕೇಳುತ್ತಾರೆ. ಕೇಳಿದರೆ?

ಮೇ 17

ಆಂಟಿಯೇ ಬಂದರು. ಕೊಟ್ಟಿಗೆಗೇ ಕರೆದುಕೊಂಡು ಹೋದೆ. ಅವನ ಸ್ಟೂಲಿನ ಮೇಲೆ ಕೂತರು.

ಮುದ್ರೆಯ ಫೋಟೋ ತೋರಿಸಿದೆ. ಕಿರೀಟದ ವಿಷಯ ಹೇಳಿದೆ. ಅಜ್ಜ ಸತ್ತು ಒಂದು ತಲೆಮಾರು ಕಳೆದ ಮೇಲೆ ಆದ ಕೋವಿ ಅಂದೆ. ಅವರು ತಲೆಯಾಡಿಸಲಿಲ್ಲ, ಅಳಲಿಲ್ಲ. ಕೈ ಮಾತ್ರ ನೋಡಿಕೊಂಡರು.

"ನನ್ನ ಕಣ್ಣೀರು ಆ ಮರದ ಮೇಲಿದೆ ಮೊಯ್ರಾ. ಯಾರ ಮುಂದೆ ಅತ್ತೆ ನಾನು?"

ಫೋಟೋವನ್ನು ಬೆಂಚಿನ ಮೇಲೆ ಕವುಚಿಟ್ಟೆ.

"ಯಾರು ಕೆತ್ತಿದ್ದು?"

ಹೇಳಿದೆ. ರೊಟ್ಟಿ ಹಲಗೆ ತಂದು ಕೊಟ್ಟೆ. ಅವರ ಬೆರಳು O ಮೇಲೆ ಹೋಯಿತು, ಅಲ್ಲೇ ತಡೆಯಿತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಿದ್ದರೆ ತಪ್ಪೇನಿರಲಿಲ್ಲ.

"ಹಾಗಿದ್ರೆ ಇನ್ನೊಂದು ಹೇಳು" ಅಂದರು. "ಕೂಕೂ ಅಂತ ಅವನಿಗೆ ಯಾರು ಹೇಳಿದ್ರು?"

"ಅದು ಸುಮ್ನೆ ಸೇರಿಸಿದ್ದು ಅಂದ್ಕೊಂಡೆ ಆಂಟಿ."

"ಕೂಕೂ ಅಂದ್ರೆ ಕಾಡು ಪಾರಿವಾಳ. ಚಿಕ್ಕವನಿದ್ದಾಗ ನಮ್ಮಜ್ಜನನ್ನ ಅವನ ಅಜ್ಜಿ ಹಾಗೆ ಕರೀತಿದ್ದಳು. ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಮನೆ ಬಿಟ್ಟು ಹೊರಗೆ ಯಾರ ಬಾಯಲ್ಲೂ ಇಲ್ಲ. ನಿನ್ನ ಗಂಡ ಅದನ್ನ ಎಲ್ಲೋ ನೋಡಿದಾನೆ."

ಕೊಟ್ಟಿಗೆ ತಣ್ಣಗಿತ್ತು. ಇಬ್ಬರೂ ಬೆಂಚಿನ ಕಡೆ ನೋಡಿದೆವು. ಅವನು ಕೋವಿ ಬಿಗಿದು ಕೂರಿಸುತ್ತಿದ್ದ ಜಾಗ.

ನಕಲು ಮಾಡಬೇಕಾದರೆ ಪಕ್ಕದಲ್ಲಿ ಅಸಲು ಇರಬೇಕು.

ಮೇ 18

ಎಲ್ಲ ಬರೆದು ಸಂಘದ ಪುಟಕ್ಕೆ ಹಾಕಿದೆ. ಮುದ್ರೆ, ಕೆತ್ತನೆ, ಫರ್ಗಸ್‌ನ ಹೆಸರು. ಮೆಲ್ಬರ್ನಿನದೂ ಕ್ರೈಸ್ಟ್‌ಚರ್ಚಿನದೂ. ಮಧ್ಯಾಹ್ನದೊಳಗೆ ಹ್ಯಾಲಮ್ ಕೋವಿಯನ್ನು ತೆಗೆದುಹಾಕಿದ. 'ಮಾರುವವರ ಇಚ್ಛೆಯಂತೆ' ಅಂತೆ. ಇಸ್ಲಾ ಫೋನ್ ಎತ್ತುತ್ತಿಲ್ಲ.

ಮೇ 29

ಸಂಘದವರು ಗೋಡೆಯಿಂದ ಫರ್ಗಸ್‌ನ ಫೋಟೋ ಇಳಿಸಿದ್ದಾರೆ. ತಂದುಕೊಟ್ಟವನು ಒಳಗೆ ಬರಲಿಲ್ಲ. ಅಡಿಗೆಮನೆಯಲ್ಲಿ ನಿಲ್ಲಿಸಿದ್ದೇನೆ, ಮುಖ ಗೋಡೆಗೆ.

ಜೂನ್ 3

ಬಟ್ಟೆ ಒಣಹಾಕುವಾಗ ನೆನಪಾಯಿತು. ಬೂದು ಕಂಬಳಿ. ಫರ್ಗಸ್ ಕಾಯಿಲೆ ಬೀಳುವ ಮುಂಚಿನ ವರ್ಷ. ವೇವರ್ಲಿ ಕಡೆಯ ಕುರಿ ಸಾಕುವ ಮನುಷ್ಯ, ಲೌಡನ್, ಕಂಬಳಿಯಲ್ಲಿ ಸುತ್ತಿ ಏನೋ ತಂದಿದ್ದ. ಮರ ಬಿರುಕು ಬಿಟ್ಟಿದೆ ಅಂದಿದ್ದ. ಹೆಂಡತಿ ಕಾರಿನಿಂದ ಇಳಿಯಲಿಲ್ಲ. ಟೀ ಕೊಡಲು ಹೋದೆ, ಗಾಜು ಇಳಿಸಲಿಲ್ಲ.

ಅದು ಇಲ್ಲಿದ್ದ ವಾರಗಳಲ್ಲಿ ಫರ್ಗಸ್ ಕೊಟ್ಟಿಗೆಯಲ್ಲಿ ಊಟ ಮಾಡುವುದು ಬಿಟ್ಟಿದ್ದ. ರೇಡಿಯೋ ಹಾಕುತ್ತಿರಲಿಲ್ಲ. ಯಾಕೆಂದು ನಾನು ಕೇಳಿದೆನೋ ಇಲ್ಲವೋ.

ಫೋನ್ ಮಾಡಿದೆ. ಲೌಡನ್ ತೀರಿಕೊಂಡಿದ್ದಾನೆ. ಹೆಂಡತಿ ಜೀನ್ ಎತ್ತಿದಳು. ಕೋವಿಯ ವಿಷಯ ಕೇಳಿದೆ.

"ಅದಿಲ್ಲೇ ಇದೆ" ಅಂದಳು. "ಬಟ್ಟೆ ಕಪಾಟಿನಲ್ಲಿ. ಮಾವನ ಕಾಲದಿಂದ್ಲೂ ಇದೆ. ನಾನು ಆ ಕಪಾಟು ತೆಗೆಯೋದೇ ಇಲ್ಲ."

"ಮರದ ಮೇಲೆ ಏನು ಬರೆದಿದೆ, ನೋಡ್ತೀರಾ?"

"ನೋಡೋದೇನು ಬಂತು. ಗೊತ್ತು. ನಿಮ್ಮ ಯಜಮಾನ್ರು ವಾಪಸ್ ಕೊಡೋವಾಗ ಅದನ್ನ ಓದಿ ತೋರಿಸಿ, 'ಇದಕ್ಕೆ ಜನ ಇದಾರೆ, ಅವರನ್ನ ಹುಡುಕಿ ಕೊಡಿ' ಅಂದಿದ್ರು. ನನ್ನ ಗಂಡ ಜಗಳ ಮಾಡಿ ಬಂದ. ಈಗ ಆ ಜನ ಯಾರಾದ್ರೂ ಇದ್ದಾರಾ? ಇದ್ರೆ ಬೇಗ ಬರೋಕೆ ಹೇಳಿ."

ಫೋನ್ ಇಟ್ಟು ಅಲ್ಲೇ ಕೂತೆ. ಇದಕ್ಕೆ ಜನ ಇದ್ದಾರೆ ಅಂತ ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ಹ್ಯಾಲಮ್‌ಗೆ ನಕಲು ಕೆತ್ತಿಕೊಟ್ಟ. ಅದೇ ಬೆಂಚು, ಅದೇ ಉಳಿ. ಹೇಳಿದವನೂ ಅವನೇ, ಕೆತ್ತಿದವನೂ ಅವನೇ. ಇಬ್ಬರಲ್ಲಿ ಯಾರ ಪಕ್ಕದಲ್ಲಿ ಮಲಗಿದ್ದೆ ನಾನು... ಇಬ್ಬರ ಪಕ್ಕದಲ್ಲೂ.

ಇಸ್ಲಾಗೆ ಸಂದೇಶ ಕಳಿಸಿದೆ. ಅಪ್ಪ ಹೇಳಿದ ಮಾತನ್ನು ಮಾತ್ರ.

ಜೂನ್ 14, ವೇವರ್ಲಿ, ಬೆಳಿಗ್ಗೆ

ಜೀನ್‌ಳ ಮನೆಯ ಗೇಟಿನ ಹೊರಗೆ, ಕಾರಿನಲ್ಲಿ. ಆಂಟಿ, ಅವರ ಮನೆಯವರೆಲ್ಲ ಒಳಗೆ ಹೋದರು. ನಾನು ಬರುವುದಿಲ್ಲ ಅಂದೆ. ನನಗೆ ಅಲ್ಲೇನು ಕೆಲಸ.

ಇಸ್ಲಾ ನಿನ್ನೆ ಫೋನ್ ಮಾಡಿದಳು. ಅಪ್ಪ ಹೇಳಿದ ಮಾತನ್ನು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡಳು.

ಗೇಟಿನಲ್ಲಿ ನಿಂತು ಆಂಟಿ ತಮ್ಮ ಭಾಷೆಯಲ್ಲಿ ಅಜ್ಜನನ್ನು ಕೂಗಿ ಕರೆದಾಗ ಹೊಲದ ಕುರಿಗಳೆಲ್ಲ ತಲೆ ಎತ್ತಿದವು. ಜೀನ್ ಏಪ್ರನ್ನಿನಲ್ಲೇ ಬಾಗಿಲಿಗೆ ಬಂದಳು. ತೋಳುಗಳ ಮೇಲೆ ಬೂದು ಕಂಬಳಿ, ಮಗುವನ್ನು ಹಿಡಿದ ಹಾಗೆ. ಆಮೇಲೆ ಅಳು, ಒಬ್ಬರದಲ್ಲ. ಪಾಮರ್ಸ್ಟನ್‌ನ ಅಂಗಡಿಯಲ್ಲಿ ಕೇಳಿದ ಅಳು ಇದಲ್ಲ. ಇದಕ್ಕೆ ಎದುರಿನಿಂದ ಉತ್ತರ ಬರುತ್ತಿರುವ ಹಾಗಿತ್ತು.

ನಾನು ಮುದ್ರೆ ನೋಡಲು ಹೋಗಲಿಲ್ಲ. ಯಾರೂ ಕೇಳಲೂ ಇಲ್ಲ.

ಈಗ ಆಂಟಿ ಬಂದು ಗಾಜು ತಟ್ಟಿದರು. ಮುಖ ಊದಿದೆ, ಕಣ್ಣು ಹೊಳೆಯುತ್ತಿದೆ.

"ಹಿಂದಿನ ಸೀಟು ಖಾಲಿ ಮಾಡು. ನಮ್ಮ ವ್ಯಾನ್ ತುಂಬ ಮಕ್ಕಳು. ಅಜ್ಜ ನಿನ್ನ ಜೊತೆ ಬರ್ತಾನೆ."

"ನನ್ನ ಜೊತೆನಾ? ಬೇಡ ಆಂಟಿ. ಬೇರೆ ಯಾರಾದ್ರೂ..."

"ನಿಮ್ಮನೆಯಲ್ಲಿ ಅಷ್ಟು ದಿನ ಇದ್ದನಲ್ಲ. ದಾರಿ ಗೊತ್ತಿರೋರ ಜೊತೆ ಬರ್ಲಿ."

ಸೀಟಿನ ಮೇಲೆ ಫರ್ಗಸ್‌ನ ಕೋಟು. ಅವನು ಹಾಕಿದಲ್ಲೇ ಬಿದ್ದಿದೆ, ತೆಗೆಯಲು ಆಗಿಲ್ಲ. ತೆಗೆಯಲೇ ಅಂದೆ. ಆಂಟಿ ಬಗ್ಗಿ ಅದನ್ನು ನೋಡಿದರು.

"ಇರ್ಲಿ" ಅಂದರು. "ಅದರ ಮೇಲೇ ಮಲಗಿಸೋಣ."

ಅಂಗಳ ದಾಟಿ ಬರುತ್ತಿದ್ದಾರೆ. ಎಲ್ಲರೂ. ಕಂಬಳಿ ಮುಂದೆ. ಇಳಿದು ಬಾಗಿಲು ತೆಗೆಯಬೇಕು.