ಓದಿ ಹೇಳಲಾಗಿದೆ

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ನಾಲ್ಕು ಹೇಳಿಕೆ ಟೈಪ್ ಮಾಡಿದೆ. ಹೆಡ್‌ಫೋನ್ ಒತ್ತಿ ಒತ್ತಿ ಕಿವಿ ನೋವು. ಜೈಲು ಇಲಾಖೆಯ ಸುಧಾರಣಾ ವಿಭಾಗಕ್ಕೆ ಬಂದು ಹನ್ನೊಂದು ವರ್ಷ. ಹೆಂಗಸರು ಹೇಳಿದ್ದನ್ನು ರೆಕಾರ್ಡ್ ಮಾಡುವುದು, ಕಾಗದಕ್ಕಿಳಿಸುವುದು, ಕೊನೆಗೆ ‘ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿದ್ದಾರೆ’ ಎಂದು ಬರೆದು ಸಹಿ ಹಾಕುವುದು. ಎಂ.ಎ. ಮಾಡಿದ್ದು ಇದಕ್ಕೇ ಇರಬೇಕು.

ಐದನೆಯದು ಮುಗಿಯಲಿಲ್ಲ. ನಿನ್ನೆ ಬಂದಿದ್ದ ತಾಯಿಯದು. ಕೆಲಸಕ್ಕಿದ್ದ ಮನೆಯಲ್ಲಿ ಕಳ್ಳತನದ ಆರೋಪ ಹೊತ್ತು ಒಳಗೆ ಹೋದ ಮಗಳು, ಕೇಸು ಶುರುವಾಗುವ ಮೊದಲೇ ಜ್ವರ ಬಂದು ಜೈಲಿನಲ್ಲೇ ಸತ್ತಳು. ತಾಯಿಯ ದನಿ ಎಲ್ಲಿಯೂ ಏರುವುದಿಲ್ಲ. “ಬಾಗಿಲು ಬಡಿದ್ಲಂತೆ ಮೇಡಂ. ಪಕ್ಕದ ಕೋಣೆಯವಳು ಹೇಳಿದ್ಲು. ಹೀಗೆ—” ಆಮೇಲೆ ಮೇಜಿನ ಮೇಲೆ ಮೂರು ಬಡಿತ. “ಕೇಳಿಸ್ಕೊಂಡೋರಿಗೆ ನಿದ್ದೆ ಹೇಗೆ ಬರುತ್ತೆ, ಅದನ್ನ ಕೇಳಿ ಬರ್ಕೊಳ್ಳಿ.”

ಬಡಿತವನ್ನು ಬರೆಯುವುದು ಹೇಗೆ? ಬಿಟ್ಟೆ.

ಎರಡು ಬಸ್ ಬದಲಿಸಿ ಬಂದವಳು. ಮತ್ತೆ ಓಡಾಡಿಸುವುದು ಬೇಡವೆಂದು ಖಾಲಿ ಹಾಳೆಯ ಅಡಿಯಲ್ಲಿ ಹೆಬ್ಬೆಟ್ಟು ಮೊದಲೇ ತೆಗೆದುಕೊಂಡಿದ್ದೆ. ದೂರದವರಿಗೆಲ್ಲ ಹಾಗೇ. ಒಳ್ಳೆಯದಕ್ಕೇ ಮಾಡುವುದು.

ಜೂನ್ 9, ಸೋಮವಾರ

ಸಾಹೇಬರು ಕರೆದರು. ಇಲಾಖೆಯ ಜೊತೆ ಆ ದೊಡ್ಡ ನಟಿ ಕೈಜೋಡಿಸುತ್ತಿದ್ದಾರಂತೆ. ವಿಚಾರಣಾಧೀನ ಹೆಂಗಸರಿಗೆ ನ್ಯಾಯ, ‘ತೆರೆದ ಬಾಗಿಲು’ ಅಭಿಯಾನ. ಒಬ್ಬ ತಾಯಿಯ ಹೇಳಿಕೆಯನ್ನು ನಟಿ ತಾವೇ ವೇದಿಕೆಯ ಮೇಲೆ ಹೇಳುತ್ತಾರೆ, ಅದೇ ಒಂದು ಸಣ್ಣ ಚಿತ್ರವೂ ಆಗುತ್ತದೆ. ಸಾಹೇಬರು ಆರಿಸಿದ್ದು ನಾನು ಮುಗಿಸದೆ ಬಿಟ್ಟ ಆ ಐದನೆಯದನ್ನೇ.

“ಕೊನೆ ಸ್ವಲ್ಪ ಮೆತ್ತಗಿರಲಿ. ಆಯಮ್ಮ ನಮ್ಮನ್ನ ಬೈದ ಹಾಗಿರಬಾರದು. ನೀವು ಕವಿತೆ ಗಿವಿತೆ ಓದೋರು, ನಾನೇನು ಹೇಳೋದು.”

ಊಟದ ಹೊತ್ತಿನಲ್ಲಿ ಬರೆದೆ. ನಿದ್ದೆಯ ಮಾತು ತೆಗೆದೆ. ಅದರ ಜಾಗಕ್ಕೆ — ‘ನನ್ನ ಮಗಳು ಬಡಿದ ಬಾಗಿಲು ಇನ್ನೊಬ್ಬಳಿಗೆ ತೆರೆಯಲಿ. ನನಗೆ ಯಾರ ಮೇಲೂ ಮುನಿಸಿಲ್ಲ.’

ಬೆರಳುಗಳೆಲ್ಲ ಬೆಚ್ಚಗಾದವು. ಒಳ್ಳೆಯ ಸಾಲು ಬಂದರೆ ಹೀಗಾಗುತ್ತಿತ್ತು, ಹಿಂದೆ. ಹೆಬ್ಬೆಟ್ಟು ಇದ್ದ ಹಾಳೆಯ ಮೇಲೇ ಪ್ರಿಂಟ್ ತೆಗೆದೆ. ಓದಿ ಹೇಳಲಾಗಿದೆ. ಸಹಿ.

ಜೂನ್ 14, ಶನಿವಾರ

ನಟಿ ಅಭ್ಯಾಸಕ್ಕೆ ಬಂದಿದ್ದರು. ಮೇಕಪ್ಪಿಲ್ಲ, ಮಾಸಿದ ಹತ್ತಿ ಸೀರೆ. ಹಿಂದೆ ನಾಲ್ಕು ಜನ ಸಹಾಯಕರು. ಬರೀ ನಾಟಕ ಎಂದು ತಳ್ಳಿಹಾಕಲೂ ಆಗುವುದಿಲ್ಲ — ಪೂರ್ತಿ ಬಾಯಿಪಾಠ ಮಾಡಿದ್ದರು, ಎಲ್ಲಿಯೂ ತಡವರಿಸಲಿಲ್ಲ. ಮುಗಿಸಿ ನನ್ನ ಮೇಜಿನ ಬಳಿ ಬಂದು ಕುಳಿತರು. ಹಾಳೆಯ ಕೊನೆಯ ಎರಡು ವಾಕ್ಯದ ಮೇಲೆ ಬೆರಳಿಟ್ಟರು.

“ಇದು ನಿಜವಾಗ್ಲೂ ಆಯಮ್ಮನೇ ಹೇಳಿದ್ದು ತಾನೇ?”

ಹೌದು ಎಂದೆ.

ಸಾಹೇಬರು ಆಗ ಕೋಣೆಯಲ್ಲಿರಲಿಲ್ಲ. ಯಾರ ಹೆದರಿಕೆಯೂ ಇರಲಿಲ್ಲ. ಅದನ್ನೇ ಯೋಚಿಸುತ್ತಿದ್ದೇನೆ.

ಆಕೆಯನ್ನೂ ವೇದಿಕೆಗೆ ಕರೆಯೋಣ ಎಂದರು ನಟಿ. ಮೈ ಹುಷಾರಿಲ್ಲವಂತೆ ಎಂದು ಆಮೇಲೆ ಸಾಹೇಬರು ಹೇಳಿದರು. ಕರೆದವರು ಯಾರೂ ಇಲ್ಲ.

ಜೂನ್ 28, ಶನಿವಾರ

ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ವಾರದೊಳಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ. ಲಿಫ್ಟ್ ಪಕ್ಕದ ಗೋಡೆಯ ಮೇಲೆ ಪೋಸ್ಟರ್: ನಟಿಯ ಒದ್ದೆ ಕಣ್ಣು, ಕೆಳಗೆ ‘ನನಗೆ ಯಾರ ಮೇಲೂ ಮುನಿಸಿಲ್ಲ.’

ಆ ಸಾಲು ನನ್ನದೆಂದು ಅಕ್ಕನಿಗೆ ಮಾತ್ರ ಹೇಳಿದ್ದೆ. ನರ್ಸ್ ಆಗಿ ನಿವೃತ್ತಳಾದವಳು, ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಸಂತೆಯಿಂದ ಬಂದವಳೇ, “ನಿನ್ನ ಪದ್ಯ ಬಸ್ಸಿನ ಹಿಂದೆ ಅಂಟ್ಕೊಂಡು ಓಡಾಡ್ತಿದೆ ಕಣೆ. ಹೊಗೆ ಕುಡೀತಾ” ಎಂದಳು.

ನಕ್ಕೆ. ಆಮೇಲೆ ಬಾಲ್ಕನಿಯಲ್ಲಿ ನಿಂತು ಮೂರು ಬಸ್ ನೋಡಿದೆ. ಸುಳ್ಳು ಯಾಕೆ, ನೋಡಬೇಕೆಂದೇ ನಿಂತಿದ್ದೆ.

ಜುಲೈ 1

ಬಡಿತ ಕೇಳಿಸುತ್ತಿದೆ. ನಲ್ಲಿ ನಿಲ್ಲಿಸಿದ ಮೇಲೆ ಪೈಪಿನಲ್ಲಿ. ಮಧ್ಯಾಹ್ನ ಆಫೀಸಿನ ಪ್ರಿಂಟರಿನಲ್ಲಿ. ಅಕ್ಕ ಬಟ್ಟೆ ಒಗೆಯುವಾಗ ಎಣಿಸುತ್ತಾ ಕೂತೆ. ಒಂದು, ಎರಡು, ಮೂರು. ನಾಲ್ಕನೆಯದು ಬಂದರೆ ಅದಲ್ಲ ಎಂದರ್ಥ. ಬಂತು. ಉಸಿರು ಬಿಟ್ಟೆ.

ಜುಲೈ 4

ಇವತ್ತು ನಾಲ್ಕನೆಯದು ಬರಲಿಲ್ಲ.

ಜುಲೈ 17, ಗುರುವಾರ

ಮಗಳ ಸಾವಿನ ಬಗ್ಗೆ ವಿಚಾರಣೆ ಆಗಬೇಕೆಂದು ತಾಯಿ ಹಿಂದೆಯೇ ಅರ್ಜಿ ಹಾಕಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಅದನ್ನೀಗ ಮ್ಯಾಜಿಸ್ಟ್ರೇಟರು ಕೈಗೆತ್ತಿಕೊಂಡಿದ್ದಾರೆ. ಇಲಾಖೆ ಉತ್ತರವಾಗಿ ಕೊಟ್ಟಿರುವುದು ಒಂದೇ ಹಾಳೆ. ನಾನು ಬರೆದದ್ದು. ತಾಯಿಗೇ ಯಾರ ಮೇಲೂ ದೂರಿಲ್ಲ, ಹೆಬ್ಬೆಟ್ಟು ಒತ್ತಿದ್ದಾಳೆ, ಇನ್ನು ವಿಚಾರಣೆ ಯಾತಕ್ಕೆ?

ಹಾಳೆಯನ್ನು ಓದಿ ಹೇಳಿದವಳು ನಾನಾದ್ದರಿಂದ ಇಪ್ಪತ್ತನಾಲ್ಕಕ್ಕೆ ಹೋಗಿ ಸಾಕ್ಷಿ ಹೇಳಬೇಕು. ಸಾಹೇಬರು ಕುರ್ಚಿ ಎಳೆದು ಕೂರಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ‘ಓದಿ ಹೇಳಿದೆ, ಒಪ್ಪಿದರು’ ಅಷ್ಟೇ ಸಾಕಂತೆ. ಹಳೆಯ ರೆಕಾರ್ಡಿಂಗ್ ಎಲ್ಲ ಅಳಿಸಿದ್ದೀರಿ ತಾನೇ ಎಂದು ಕೇಳಿದರು. ತಲೆಯಾಡಿಸಿದೆ. ಅಳಿಸಿಲ್ಲ.

ಸಂಜೆ ನಟಿಯ ಫೋನ್. ನಿಜಕ್ಕೂ ನೊಂದಿದ್ದರು. “ಅಷ್ಟು ದೊಡ್ಡ ಮನಸ್ಸು ಆಯಮ್ಮಂದು. ಯಾರೋ ಹಿಂದೆ ನಿಂತು ಕುಣಿಸ್ತಿದ್ದಾರೆ, ಪಾಪ.” ಪತ್ರಿಕೆಯವರಿಗೂ ಹಾಗೇ ಹೇಳುತ್ತಾರಂತೆ. ಸರಿ ಮೇಡಂ ಎಂದು ಫೋನ್ ಇಟ್ಟೆ.

ಅಕ್ಕನಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನೀನು ಅವಳು ಆಡದೇ ಇರೋ ಮಾತನ್ನ ಒಡೆದು ಇಟ್ಟಿದ್ದೀಯಲ್ಲೇ.”

ಜುಲೈ 20, ಭಾನುವಾರ

ಹೋಗಿದ್ದೆ. ಲಾಂಡ್ರಿಯ ಹಿಂಭಾಗದ ಉದ್ದನೆಯ ಕೋಣೆ, ಆ ತಾಯಿ ಇಸ್ತ್ರಿ ಮಾಡುವ ಜಾಗ. ಯಾಕೆ ಬಂದೆ ಎಂದು ಕೇಳಲಿಲ್ಲ. ನಿಂತುಕೊಂಡೇ ಹಾಳೆ ಪೂರ್ತಿ ಓದಿದೆ. ಆಕೆಯ ಕೈ ಓಡುತ್ತಲೇ ಇತ್ತು — ಕಾಲರ್, ತೋಳು, ಬೆನ್ನು. ಕೊನೆಯ ವಾಕ್ಯಕ್ಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

“ಮುನಿಸು ಗಂಡನ ಮೇಲಿರುತ್ತೆ ಮೇಡಂ. ಸಂಜೆ ಹೊತ್ತಿಗೆ ಇಳಿದುಹೋಗುತ್ತೆ. ಇದಕ್ಕೆ ಆ ಹೆಸರಿಟ್ಟೋರು ಯಾರು?”

ನಾನು ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗಿ ಮನೆಗೆ ಬರುತ್ತಿದ್ದೆ. ಅದಕ್ಕೇ ಹೋಗಿದ್ದೆನೋ ಏನೋ. ನಟಿಯ ಚಿತ್ರವನ್ನು ಯಾರೋ ಗಿರಾಕಿ ಫೋನಿನಲ್ಲಿ ತೋರಿಸಿದ್ದರಂತೆ. ಅಳು ಚೆನ್ನಾಗಿತ್ತು, ತನಗೆ ಹಾಗೆ ಅಳಲು ಬರುವುದಿಲ್ಲ ಎಂದಳು. ವ್ಯಂಗ್ಯವಲ್ಲ. ಇನ್ನೊಬ್ಬರ ಕೆಲಸದ ಬಗ್ಗೆ ಹೇಳುವ ಹಾಗೆ ಹೇಳಿದಳು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಶರ್ಟು ಹರವಿದ್ದಳು.

“ನನಗೆ ಹೇಳಿದ್ರೆ ಏನು ಬಂತು? ನನ್ನ ಹೆಬ್ಬೆಟ್ಟು ಎಲ್ಲಿದೆಯೋ ಅಲ್ಲಿ ಹೋಗಿ ಹೇಳಿ.”

ಜುಲೈ 23

ಏನೂ ಬರೆಯಲು ಆಗುತ್ತಿಲ್ಲ. ಸುಳ್ಳು ಸಹಿಗೆ ಕೆಲಸ ಹೋಗುವುದು ಖಂಡಿತ, ಕೇಸೂ ಆಗಬಹುದು. ಅಕ್ಕ ಊಟ ಬಡಿಸುತ್ತಾ ತನ್ನ ಪಿಂಚಣಿ ಇದೆ, ಇಬ್ಬರೇನು ಆನೆ ಸಾಕುತ್ತಿಲ್ಲವಲ್ಲ ಎಂದಳು. ಅದಷ್ಟೇ ಅಲ್ಲ. ಜನ ಅತ್ತ ಸಾಲು ಅದು. ಸುಳ್ಳೆಂದು ನಾನೇ ಹೇಳಬೇಕು.

ಜುಲೈ 24, ಬೆಳಿಗ್ಗೆ 10.40

ವಿಚಾರಣೆಯ ಕಚೇರಿಯ ಹೊರಗಿನ ಕಾರಿಡಾರ್. ರೆಕಾರ್ಡರ್ ಚೀಲದಲ್ಲಿದೆ. ಎದುರು ಬೆಂಚಿನಲ್ಲಿ ತಾಯಿ. ನನ್ನತ್ತ ನೋಡಿಲ್ಲ. ಕಿಟಕಿಯ ಬಳಿ ಸಾಹೇಬರು, ಎರಡು ಸಲ ನೋಡಿ ನಕ್ಕರು. ನಟಿ ಹೇಳಿದ್ದು ಬೆಳಗಿನ ಪತ್ರಿಕೆಯಲ್ಲಿ ಬಂದಿದೆ. ಯಾರೋ ಓದಿ ಮಡಚಿ ಬೆಂಚಿನ ಮೇಲೆ ಬಿಟ್ಟು ಹೋಗಿದ್ದಾರೆ. ತಾಯಿ ಅದರ ಪಕ್ಕದಲ್ಲೇ ಕೂತಿದ್ದಾಳೆ. ಆಕೆಗೆ ಓದು ಬಾರದು.

ಒಳಗೆ ಹೇಳಬೇಕಾದದ್ದನ್ನು ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ. ಅಲಂಕಾರ ಬೇಡ.

ಓದಿ ಹೇಳಿಲ್ಲ. ಆಕೆ ಒಪ್ಪಿಲ್ಲ. ಹೆಬ್ಬೆಟ್ಟು ಒತ್ತಿದಾಗ ಹಾಳೆ ಖಾಲಿ ಇತ್ತು. ಕೊನೆಯ ಎರಡು ವಾಕ್ಯ ಆಕೆಯದಲ್ಲ. ಅದನ್ನು ಬರೆದವಳು— ಕೂಗುತ್ತಿದ್ದಾರೆ. ಉಳಿದದ್ದನ್ನು ಒಳಗೇ ಹೇಳುತ್ತೇನೆ.