ನಕ್ಷೆಯಲ್ಲಿಲ್ಲದ ಬಾಣ

ಮಂಗಳವಾರ, ನವೆಂಬರ್ 12. ಹೊಳಲ್ಕೆರೆ.

ತಿಪ್ಪೇಶನ ಮಾತು ಇನ್ನೂ ಕಿವೀಲೇ ಐತೆ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವನು, ಹೊಸದುರ್ಗದ ಹುಡುಗ. ಸಂಜೆ ನಾನು ಲ್ಯಾಬ್ ಮುಗಿಸಿ ಚಿತ್ರದುರ್ಗದ ಬಸ್ಸಿಳಿದು ಮನೆಗೆ ಬರ್ತಿದ್ದಾಗ ಫೋನ್ ಮಾಡಿದ. "ಅಕ್ಕ, ಈ ಔಷಧಿ ಕೊಟ್ರೆ ಇಲಿಗಳ ನೆನಪು ಹೆಚ್ಚುತ್ತಾ ಅಂತ ಯಾರೂ ಪ್ರಯೋಗನೇ ಮಾಡಿಲ್ಲಂತೆ. ಸಾಫ್ಟ್‌ವೇರೇ ಹೇಳ್ತೈತೆ ನೋಡ್ರಿ. ಆ ಪ್ರಯೋಗ ಸರ್ ನನಗೇ ಕೊಟ್ರು."

ಯಾರೂ ಮಾಡಿಲ್ಲ. ಹಂಗಾದ್ರೆ ಎರಡು ವರ್ಷ ನಾನು ಮಾಡಿದ್ದೇನು? ಇಲಿ ನಾತ ಅಂತ ಅವ್ವ ನನ್ನ ಬಟ್ಟೆ ಬೇರೆಯಾಗಿ ಒಗೀತಿದ್ದಳು.

ಮೆದುಳಿನ ಬಗ್ಗೆ ಯಾರ್ಯಾರು ಏನು ಕಂಡುಹಿಡಿದರು ಅಂತ ಆ ಸಾಫ್ಟ್‌ವೇರಿನ ನಕ್ಷೆಗೆ ತುಂಬಿದವಳೂ ನಾನೇ. ಯಾವುದು ಯಾವುದನ್ನು ಬದಲಿಸ್ತೈತೆ ಅಂತ ಒಂದೊಂದು ಬಾಣ. ಈ ಔಷಧಿಯಿಂದ ನೆನಪಿಗೆ ಏನೂ ಆಗಲಿಲ್ಲ ಅಂತ ನನ್ನದೂ ಒಂದು ಬಾಣ ಹಾಕಿದ್ದೆ. "ಆಗದೇ ಇರೋದನ್ನ ಯಾಕಮ್ಮ ತೋರಿಸ್ತೀಯ, ಚಿತ್ರ ಕೆಡುತ್ತೆ" ಅಂತ ಲ್ಯಾಬ್ ನಡೆಸೋ ಸರ್ ಅಳಿಸಿದರು. ಏನೂ ಆಗಲಿಲ್ಲ ಅನ್ನೋದೂ ಒಂದು ಉತ್ತರ ಅಂತ ಪಾಠ ಮಾಡಿದವರೂ ಅವರೇ. ನಕ್ಷೆಯಲ್ಲಿ ಬಾಣವಿಲ್ಲದ ಖಾಲಿ ಜಾಗ ಕಂಡರೆ ಇದನ್ನ ಯಾರೂ ಮಾಡಿಲ್ಲ, ಇಲ್ಲಿ ಪ್ರಯೋಗ ಮಾಡಿ ಅನ್ನೋದು ಸಾಫ್ಟ್‌ವೇರಿನ ಕೆಲಸ. ಅದು ತನ್ನ ಕೆಲಸ ಸರಿಯಾಗೇ ಮಾಡೈತೆ.

"ಅದನ್ನ ನಾನು ಮಾಡೀನಿ ಕಣಪ್ಪ, ಏನೂ ಬರಲ್ಲ" ಅಂತ ಫೋನಲ್ಲೇ ತಿಪ್ಪೇಶನಿಗೆ ಅಂದೆ.

ನನಗೆ ಬೇಜಾರಾಗಬಾರದು ಅನ್ನೋ ಹಂಗೆ ಮೆಲ್ಲಗೆ ಕೇಳಿದ. "ನಕ್ಷೇಲಿ ಇಲ್ವಲ್ಲ ಅಕ್ಕ?"

ನಾಳೆ ಹೊಸ ಇಲಿಗಳು ಬರ್ತವೆ. ಹಿಡಿಯೋದು ಹೆಂಗೆ ಅಂತ ಅವನಿಗೆ ನಾನೇ ಹೇಳಿಕೊಡಬೇಕಂತೆ.